ಬಾಗಿಲ ಲೋಳೆ ಕೆರೆದ ಚಿಮಟಮ್ಮ

ತುಕ್ಕುಗುಡ್ಡದ ಹೆಸರು ಕೇಳಿದ್ದೀರಾ ಮಕ್ಕಳೇ? ಕೇಳಿರಲಿಕ್ಕಿಲ್ಲ. ಅಲ್ಲಿಗೆ ಬಸ್ಸು ಹೋಗುವುದಿಲ್ಲ, ಗಾಡಿಯೂ ಹೋಗುವುದಿಲ್ಲ. ಕಾರೆಮುಳ್ಳಿನ ಪೊದೆಗಳ ನಡುವೆ ಅಂಗಿ ಹರಿದುಕೊಂಡು, ಕಾಲು ಗೀರಿಸಿಕೊಂಡು ನಡೆದರೆ ಮಾತ್ರ ಸಿಗುವ ಗುಡ್ಡ ಅದು. ಹಿಂದೆ ಯಾವುದೋ ಕಾಲದಲ್ಲಿ ಮನುಷ್ಯರು ಬಂದು ಆ ಗುಡ್ಡದ ಹೊಟ್ಟೆ ಬಗೆದು ಅದಿರು ತೆಗೆದರು. ಬೇಕಾದ್ದೆಲ್ಲ ಸಿಕ್ಕಿದ ಮೇಲೆ ಗುಂಡಿಯನ್ನು ಹಾಗೇ ಬಾಯಿ ತೆರೆದು ಬಿಟ್ಟು ಹೊರಟುಹೋದರು. ಉಂಡ ಎಲೆ ತೆಗೆಯುವ ಅಭ್ಯಾಸ ಮನುಷ್ಯರಿಗೆ ಸ್ವಲ್ಪ ಕಡಿಮೆ, ನಿಮಗೂ ಗೊತ್ತಲ್ಲ.

ಮಳೆ ಬಂದಾಗ ಆ ಗುಂಡಿಯ ನೀರು ತುಂಬಿ ಹೊರಗೆ ಹರಿಯುತ್ತದೆ. ಅದು ಕೆಂಪು ನೀರು, ಹುಣಿಸೆಹಣ್ಣಿಗಿಂತ ಹುಳಿ, ಮೈಗೆ ತಗುಲಿದರೆ ಉರಿ. ಕಲ್ಲಿನೊಳಗೆ ಮಲಗಿದ್ದ ಎಂತೆಂಥದೋ ವಿಷ ಅದರಲ್ಲಿ ಕರಗಿರುತ್ತದೆ. ಆ ನೀರು ಸಣ್ಣ ತೊರೆಯಾಗಿ ಇಳಿದು ಬಂದು, ಎರಡು ಬಂಡೆಗಳ ನಡುವಿನ ಕಂಡಿಯಲ್ಲಿ ನುಸುಳಿ, ಗುಡ್ಡದ ಬುಡದ ಕೊಳಕ್ಕೆ ಸೇರುತ್ತದೆ.

ಹಾಗಾದರೆ ಕೊಳದಲ್ಲಿ ಒಂದು ಹುಳವೂ ಬದುಕಿರಬಾರದು ಅಲ್ಲವೇ? ಆದರೆ ಅಲ್ಲಿ ಮೀನಿದ್ದವು, ಕಪ್ಪೆಯಿದ್ದವು, ಒಂದು ಮುದಿ ಆಮೆ ಇತ್ತು, ಜೊಂಡು ಬೆಳೆದಿತ್ತು, ನೈದಿಲೆ ಅರಳುತ್ತಿತ್ತು. ನೀರು ತಳ ಕಾಣುವಷ್ಟು ತಿಳಿ. ಹೇಗೆ ಅಂತ ಆ ಕೊಳದವರು ಯಾರೂ ಯಾವತ್ತೂ ಕೇಳಿರಲಿಲ್ಲ. ನೀರು ತಿಳಿಯಾಗಿದ್ದಾಗ ಯಾಕೆ ತಿಳಿಯಾಗಿದೆ ಅಂತ ಯಾರು ಕೇಳುತ್ತಾರೆ ಹೇಳಿ!

ಆ ಕಂಡಿಯ ಪಕ್ಕದ ಬಿಲದಲ್ಲಿ ಚಿಮಟಮ್ಮ ಎಂಬ ಏಡಿ ವಾಸವಾಗಿದ್ದಳು. ಒಳ್ಳೆಯವಳೇ. ಯಾರ ಮನೆಯಲ್ಲಿ ಏನು ಕೆಲಸವಿದ್ದರೂ ತನ್ನೆರಡು ಕತ್ತರಿ ಕೈ ಮುಂದೆ ಮಾಡಿಕೊಂಡು ಓಡುತ್ತಿದ್ದಳು. ಆದರೆ ಅವಳಿಗೊಂದು ಕೊರಗು ಇತ್ತು. ನೋಡಿದವರು ಏನಂದುಕೊಂಡಾರು ಎಂಬ ಕೊರಗು. ಬಿಲದ ಮುಂದೆ ಒಂದು ಒಣ ಎಲೆ ಬಿದ್ದರೂ ಅವಳಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಮರಳು ಗುಡಿಸಿ, ಬೆಣಚುಕಲ್ಲು ಸಾಲಾಗಿ ಜೋಡಿಸಿ, ಹಿಂದೆ ಸರಿದು ನಿಂತು ನೋಡುತ್ತಿದ್ದಳು.

ಅಷ್ಟೆಲ್ಲ ಮಾಡಿದರೂ ಕಂಡಿಯ ಬಂಡೆಗಳ ಮೇಲೆ ಕಣ್ಣು ಬಿದ್ದ ಕೂಡಲೇ ಅವಳ ಮುಖ ಸಪ್ಪಗಾಗುತ್ತಿತ್ತು. ಏಕೆಂದರೆ ಅಲ್ಲಿ ಲೋಳೆ ಇತ್ತು.

ಎಂಥ ಲೋಳೆ ಅಂತೀರಿ! ತುಕ್ಕಿನ ಬಣ್ಣದ, ದಪ್ಪನೆಯ, ಜೋಲುವ, ಮುಟ್ಟಿದರೆ ಅಂಟುವ ಲೋಳೆ. ಎರಡು ಬಂಡೆಗಳನ್ನೂ ಹೊದಿಕೆಯಂತೆ ಮುಚ್ಚಿ, ಕಂಡಿಯೊಳಗೆಲ್ಲ ಹಬ್ಬಿತ್ತು. ದೂರದಿಂದ ನೋಡಿದರೆ ಬರೀ ಹೊಲಸು. ಆದರೆ ಮಕ್ಕಳೇ, ಅದು ಹೊಲಸಲ್ಲ, ಒಂದು ಊರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಊರು. ಒಂದು ಸಾಸಿವೆ ಕಾಳಿನಷ್ಟು ಲೋಳೆಯಲ್ಲಿ ನಿಮ್ಮ ಊರಿನ ಜನಕ್ಕಿಂತ ಹೆಚ್ಚು ಜನ ಮೈಗೆ ಮೈ ತಾಗಿಸಿಕೊಂಡು ಬದುಕುತ್ತಿದ್ದರು. ಒಬ್ಬೊಬ್ಬರ ದನಿ ಯಾರಿಗೂ ಕೇಳುವಂಥದಲ್ಲ. ಎಲ್ಲರೂ ಸೇರಿ ಆಡಿದರೆ ಒಂದು ಮುದುಕಿಯ ದನಿಯಾಗುತ್ತಿತ್ತು. ಅದೂ ಕಾಲ ತುದಿಯನ್ನು ಲೋಳೆಯಲ್ಲಿ ಊರಿ ನಿಂತವರಿಗೆ ಮಾತ್ರ. ಕೊಳದವರು ಆ ದನಿಯನ್ನು ಲೋಳಜ್ಜಿ ಎಂದು ಕರೆಯುತ್ತಿದ್ದರು. ಕರೆಯುತ್ತಿದ್ದರು ಅಷ್ಟೇ, ಮಾತನಾಡಿಸಲು ಹೋಗುತ್ತಿದ್ದವರು ಕಡಿಮೆ. ಯಾರಿಗೆ ಬೇಕು ಕಾಲಿಗೆ ಅಂಟು!

ಹೋದ ವರ್ಷ ಚಿಮಟಮ್ಮನ ಅಕ್ಕ ದೊಡ್ಡ ಹೊಳೆಯಿಂದ ಬಂದಿದ್ದಳು. ಹೊಳೆಯಲ್ಲಿ ಬಿಳಿ ಮರಳು, ಬಿಳಿ ಕಲ್ಲು. ಅಲ್ಲಿ ಬಾಳುವ ಹೊಳೆಯಕ್ಕನಿಗೆ ಮಾತೆಂದರೆ ಮುಳ್ಳು. ಕಂಡಿಯ ಹತ್ತಿರ ನಿಂತವಳೇ ಮುಖ ಸಿಂಡರಿಸಿದಳು.

"ಏನೇ ತಂಗಿ, ನಿನ್ನ ಬಾಗಿಲಲ್ಲಿ ಯಾರೋ ಮೂಗು ಸೀನಿದ ಹಾಗಿದೆ!"

ಜೊತೆಗೆ ಬಂದಿದ್ದ ಹೊಳೆಯ ಏಡಿಗಳೆಲ್ಲ ಕಿಸಕ್ಕೆಂದು ನಕ್ಕವು. ಚಿಮಟಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ನಗುವನ್ನು ವರ್ಷವಿಡೀ ಎದೆಯಲ್ಲಿಟ್ಟುಕೊಂಡು ತಿರುಗಿದಳು.

ಈ ವರ್ಷ ಚಿಮಟಮ್ಮನಿಗೆ ಮಕ್ಕಳಾದವು. ತಾಯಿ ಏಡಿ ಮರಿಗಳನ್ನು ಹೊಟ್ಟೆಯ ಕೆಳಗಿನ ಮಡಿಲಲ್ಲಿ ಇಟ್ಟುಕೊಂಡೇ ಓಡಾಡುತ್ತಾಳೆ. ಮರಿಗಳು ಗಟ್ಟಿಯಾದ ಮೇಲೆ ಒಂದು ಒಳ್ಳೆಯ ದಿನ ನೋಡಿ ಮೊದಲ ಸಲ ನೀರಿಗೆ ಇಳಿಸುತ್ತಾಳೆ. ಏಡಿಗಳಲ್ಲಿ ಅದಕ್ಕೆ ಮಡಿಲು ಬಿಚ್ಚುವ ಶಾಸ್ತ್ರ ಎನ್ನುತ್ತಾರೆ. ನೆಂಟರಿಷ್ಟರೆಲ್ಲ ಬರುತ್ತಾರೆ. ಅದಕ್ಕೂ ಮೊದಲು ತಾಯಿ ತನ್ನ ಮನೆಯ ಬಾಗಿಲನ್ನು ತನ್ನ ಕೈಯಾರೆ ತೊಳೆದು ಬಳಿದು ಇಡಬೇಕು. ಬೇರೆಯವರು ಮಾಡಿದರೆ ಶಾಸ್ತ್ರಕ್ಕೆ ಸಲ್ಲದು.

ಹೊಳೆಯಕ್ಕ ಬರುತ್ತಾಳೆ ಎಂಬ ಸುದ್ದಿ ಬಂದದ್ದೇ ಚಿಮಟಮ್ಮನ ನಿದ್ದೆ ಹಾರಿತು. ಎರಡು ದಿನ ಹಿಂದೆ ಮುಂದೆ ನೋಡಿ, ಕೊನೆಗೆ ಹೋಗಿ ಲೋಳೆಯಲ್ಲಿ ಕಾಲ ತುದಿ ಊರಿದಳು.

"ಅಜ್ಜಿ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳು ಮಗಳೇ," ಎಂದಳು ಲೋಳಜ್ಜಿ.

"ಸ್ವಲ್ಪ ದಿನ ಬೇರೆ ಕಡೆ ಹೋಗಿ ಇರ್ತೀರಾ? ಮನೇಲಿ ಶಾಸ್ತ್ರ ಇದೆ. ನೆಂಟರು ಬರ್ತಾರೆ."

"ಎಲ್ಲಿಗೆ ಹೋಗೋಣ? ನಮಗೆ ಕಾಲಿಲ್ಲ. ಹೋದ್ರೂ ಇಲ್ಲಿನ ಕೆಲಸ ಯಾರು ಮಾಡ್ತಾರೆ?"

"ಕೆಲಸಾನಾ?" ಚಿಮಟಮ್ಮನಿಗೆ ನಗು ಬಂತು. "ಹುಟ್ಟಿದಾಗಿಂದ ನೋಡ್ತಿದ್ದೀನಿ, ನೀವು ಬಿದ್ದಲ್ಲೇ ಬಿದ್ದಿದ್ದೀರಿ. ಏನು ಕೆಲಸ ನಿಮ್ಮದು?"

ಲೋಳಜ್ಜಿ ಕೋಪಿಸಿಕೊಳ್ಳಲಿಲ್ಲ. "ಗುಡ್ಡದ ನೀರಿನಲ್ಲಿ ವಿಷ ಇದೆ ಮಗಳೇ. ಅದು ನಮ್ಮನ್ನ ದಾಟ್ಕೊಂಡೇ ಕೊಳಕ್ಕೆ ಬರಬೇಕು. ಹೊರಗಿನ ಸಾಲಿನಲ್ಲಿ ಇರೋರು ಮೊದಲು ಅದಕ್ಕೆ ಎದೆ ಕೊಡ್ತಾರೆ. ಬಹಳ ಜನ ಸಾಯ್ತಾರೆ. ಅಷ್ಟರಲ್ಲಿ ಒಳಗಿನವರು ಸಿದ್ಧ ಆಗ್ತಾರೆ. ಮೈಯೊಳಗೆ ನುಗ್ಗಿದ ವಿಷಾನ ಕೆಲವರು ಒಂದೇ ಸಮನೆ ಹೊರಗೆ ತಳ್ತಾನೇ ಇರ್ತಾರೆ. ಕೆಲವರು ಅದನ್ನ ಮುರಿದು, ಕಚ್ಚದ ಹಾಗೆ ಮಾಡ್ತಾರೆ. ಕೆಲವರು ಅಂಟಿನಲ್ಲಿ ಹಿಡಿದು ಕಟ್ಟಿಹಾಕ್ತಾರೆ."

"ಇದೆಲ್ಲ ನಿಮಗೆ ಯಾರು ಕಲಿಸಿದ್ರು?"

"ಯಾರೂ ಕಲಿಸಲಿಲ್ಲ. ಸತ್ತೂ ಸತ್ತೂ ಉಳಿದವರು ಕಲಿತದ್ದು. ಒಬ್ಬರಿಗೆ ಬಂದ ಉಪಾಯಾನ ಪಕ್ಕದವರಿಗೆ ಮೈ ತಾಗಿಸಿ ಕೊಟ್ಟುಬಿಡ್ತೀವಿ. ಬಚ್ಚಿಟ್ಟುಕೊಂಡ್ರೆ ಇಲ್ಲಿ ಬದುಕೋಕೆ ಆಗಲ್ಲ. ಆಮೇಲೆ ನೆನಪಿಟ್ಟುಕೋ, ಒಬ್ಬಿಬ್ಬರಿಂದ ಆಗೋ ಕೆಲಸ ಅಲ್ಲ ಇದು. ಹೀಗೆ ದಪ್ಪಗೆ ಒತ್ತಾಗಿ ಕೂತ್ರೇನೇ ಆಗೋದು."

ಚಿಮಟಮ್ಮ ಕೊಳದ ಕಡೆ ತಿರುಗಿ ನೋಡಿದಳು. ನೀರು ತಿಳಿಯಾಗಿ ಹೊಳೆಯುತ್ತಿತ್ತು. ಒಂದು ಮೀನು ಬಾಲ ಬಡಿದು ಹೋಯಿತು. ವಿಷವಂತೆ! ಎಲ್ಲಿದೆ ವಿಷ? ಬಾಗಿಲಲ್ಲಿ ಬಿದ್ದುಕೊಳ್ಳುವುದಕ್ಕೆ ಮುದುಕಿ ಎಂಥ ಕತೆ ಕಟ್ಟಿದ್ದಾಳೆ ಎಂದುಕೊಂಡಳು. "ಆಯ್ತು ಅಜ್ಜಿ," ಎಂದು ಬಾಯಿತುಂಬ ಹೇಳಿ ಕಾಲು ಎತ್ತಿಕೊಂಡಳು.

ಮರುದಿನ ನಡುಮಧ್ಯಾಹ್ನ. ಕೊಳದವರೆಲ್ಲ ಬಿಸಿಲಿಗೆ ಸೋತು, ಆಚೆ ದಂಡೆಯ ಒರತೆಯ ಹತ್ತಿರ ತಂಪಿನಲ್ಲಿ ತೂಕಡಿಸುತ್ತಿದ್ದರು. ಚಿಮಟಮ್ಮ ಕಂಡಿಯ ಬಂಡೆ ಹತ್ತಿ ಕೆರೆಯತೊಡಗಿದಳು. ಕರಕರ ಕರಕರ ಕೆರೆದಳು. ಕೆರೆದದ್ದನ್ನು ಉಂಡೆ ಮಾಡಿ ನೀರಿನಾಚೆ, ಬಿಸಿಲಿಗೆ ಕಾದ ಹಾಸುಬಂಡೆಯ ಮೇಲೆ ಎಸೆದಳು. ಕಾಲಿನ ಕೆಳಗೆ ಲೋಳಜ್ಜಿಯ ದನಿ ಕೇಳುತ್ತಿತ್ತು. "ಬೇಡ ಮಗಳೇ. ಸ್ವಲ್ಪವಾದ್ರೂ ಬಿಡು. ಮಳೆಗಾಲ ಹತ್ತಿರ ಬಂತು." ಚಿಮಟಮ್ಮ ಕೈ ಇನ್ನೂ ಜೋರು ಮಾಡಿದಳು. ದನಿ ಸಣ್ಣಗಾಯಿತು. ಆಮೇಲೆ ನಿಂತೇ ಹೋಯಿತು.

ಸಂಜೆಗೆ ಬಂಡೆಗಳೆರಡೂ ಬೋಳಾಗಿ, ಕಪ್ಪಗೆ ಮಿಂಚುತ್ತಿದ್ದವು.

ನೆರೆಮನೆಯ ಕಪ್ಪೆ ಜಿಗಿಯಮ್ಮ ಬಂದಳು. ಕಂಡಿಯ ಪಕ್ಕದಲ್ಲಿ ನೀರು ಆಳವಿಲ್ಲ, ದೊಡ್ಡ ಮೀನು ಅತ್ತ ಬರುವುದಿಲ್ಲ ಎಂದು ಅವಳು ಅಲ್ಲಿನ ಜೊಂಡಿಗೇ ತನ್ನ ಮೊಟ್ಟೆಗಳನ್ನು ಅಂಟಿಸಿದ್ದಳು. ದಿನವೂ ಸಂಜೆ ಬಂದು ನೋಡಿ ಹೋಗುತ್ತಿದ್ದಳು.

"ಅಯ್ಯೋ, ಲೋಳಜ್ಜಿ ಎಲ್ಲಿ ಹೋದ್ರು ಚಿಮಟಮ್ಮ? ಬಂಡೆ ಬರಿದಾಗಿದೆಯಲ್ಲ!"

ಚಿಮಟಮ್ಮ ಕತ್ತರಿ ಕೈಗಳನ್ನು ಮರಳಲ್ಲಿ ಹೂತುಕೊಂಡಳು. ಕತ್ತರಿಯ ಸಂದಿಯಲ್ಲಿ ಇನ್ನೂ ಲೋಳೆ ಇತ್ತು.

"ಅದೇ ತಾನಾಗಿ ಕಳಚಿಕೊಂಡು ಹೋಯ್ತು ಜಿಗಿಯಕ್ಕ. ಬಿಸಿಲು ನೋಡಿ, ಹೆಂಗಿದೆ."

"ಪಾಪ," ಎಂದಳು ಜಿಗಿಯಮ್ಮ. ಮೊಟ್ಟೆಗಳ ಮೇಲೆ ಒಂದು ಸಲ ಕೈಯಾಡಿಸಿ ಹೊರಟುಹೋದಳು.

ಮೂರ್ನಾಲ್ಕು ದಿನ ಕಳೆದು ಶಾಸ್ತ್ರದ ದಿನ ಬಂತು. ಹೊಳೆಯಕ್ಕ ಪರಿವಾರ ಕಟ್ಟಿಕೊಂಡು ಬಂದಳು. ಕಂಡಿಯ ಮುಂದೆ ನಿಂತು ಕಣ್ಣುಗಳನ್ನು ಮೇಲಕ್ಕೂ ಕೆಳಕ್ಕೂ ಓಡಿಸಿದಳು.

"ಪರವಾಗಿಲ್ವೇ ತಂಗಿ! ಈಗ ನಾಲ್ಕು ಜನ ಬರೋ ಹಾಗಿದೆ ನಿನ್ನ ಮನೆ."

ಆ ಒಂದು ಮಾತಿಗೆ ಚಿಮಟಮ್ಮ ಉಬ್ಬಿಹೋದಳು. ಹಾಸುಬಂಡೆಯ ಮೇಲೆ ಎಸೆದಿದ್ದ ಲೋಳೆ ಒಣಗಿ ಹಪ್ಪಳದ ಹಾಗೆ ಬಿರಿದಿತ್ತು. ಅತ್ತ ಅವಳು ನೋಡಲೇ ಇಲ್ಲ. ಕೊಳದವರೆಲ್ಲ ಸುತ್ತ ನೆರೆದರು. ಆಮೆಯಜ್ಜ ಕತ್ತು ಉದ್ದ ಮಾಡಿ ಮುಂದಿನ ಸಾಲಿನಲ್ಲಿ ಕೂತ. ಚಿಮಟಮ್ಮ ಮಡಿಲು ಬಿಚ್ಚಿದಳು. ಮೆಣಸಿನ ಕಾಳಿನಂಥ ಮರಿಗಳು ಒಂದೊಂದಾಗಿ ಉದುರಿ, ಮರಳ ಮೇಲೆ ಅಡ್ಡಡ್ಡ ಓಡತೊಡಗಿದವು. ಎಲ್ಲರೂ ಹೋ ಎಂದರು.

ಆಗ ಗುಡ್ಡದ ತಲೆಯ ಮೇಲೆ ಗುಡುಗಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗುಡ್ಡದಲ್ಲಿ ಮಳೆ ಹೊಡೆಯಿತು. ಗುಂಡಿ ತುಂಬಿತು. ಸ್ವಲ್ಪ ಹೊತ್ತಿಗೆಲ್ಲ ತೊರೆ ದಪ್ಪಗೆ ಇಳಿದು ಬಂದು, ಬೋಳು ಬಂಡೆಗಳ ನಡುವೆ ಯಾವ ಅಡ್ಡಿಯೂ ಇಲ್ಲದೆ ಕೊಳಕ್ಕೆ ನುಗ್ಗಿತು.

ಮೊದಲು ಗೊತ್ತಾದದ್ದು ಹೊಳೆಯಕ್ಕನಿಗೆ. "ಇದೇನೇ ತಂಗಿ, ನಿಮ್ಮ ನೀರು ಕಚ್ಚುತ್ತೆ!"

ಕಂಡಿಯ ಹತ್ತಿರದ ನೀರು ಕೆಂಪಗಾಗುತ್ತಿತ್ತು. ಒಂದು ಸಣ್ಣ ಮೀನು ಪಕ್ಕಕ್ಕೆ ವಾಲಿ ತೇಲಿತು. "ಓಡಿ, ಒರತೆಯ ಕಡೆ ಓಡಿ!" ಎಂದು ಆಮೆಯಜ್ಜ ಕೂಗಿದ. ಹೊಳೆಯಕ್ಕ ತಂಗಿಯ ಮುಖವನ್ನೂ ನೋಡದೆ ಬಂದ ದಾರಿ ಹಿಡಿದಳು. ಅವಳ ಪರಿವಾರ ಅವಳಿಗಿಂತ ಮುಂದೆ ಓಡಿತ್ತು.

ಚಿಮಟಮ್ಮನಿಗೆ ಆ ಕ್ಷಣಕ್ಕೇ ಎಲ್ಲ ಅರ್ಥವಾಗಿತ್ತು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಬನ್ನಿ, ಬನ್ನಿ, ಮಡಿಲಿಗೆ ಬನ್ನಿ!" ಎಂದು ಕಿರುಚುತ್ತ ಮರಿಗಳನ್ನು ಗೋರಿ ಗೋರಿ ತುಂಬಿಕೊಂಡಳು. ಪುಣ್ಯಕ್ಕೆ ಅವು ಇನ್ನೂ ದೂರ ಹೋಗಿರಲಿಲ್ಲ. ಒಂದೂ ಬಿಡದೆ ಹತ್ತಿಕೊಂಡವು. ಅವಳು ದಡದ ಕಡೆ ತಿರುಗಿದಳು.

"ಚಿಮಟಮ್ಮಾ!"

ಜಿಗಿಯಮ್ಮ ಕೂಗುತ್ತಿದ್ದಳು. ಕೆಂಪು ನೀರಿನಲ್ಲಿ, ಜೊಂಡಿನ ಮುಂದೆ ಕಾಲಗಲಿಸಿ ನಿಂತು, ಬರುವ ನೀರನ್ನು ಎರಡು ಕೈಯಲ್ಲೂ ಹಿಂದಕ್ಕೆ ತಳ್ಳುತ್ತಿದ್ದಳು. ನೀರನ್ನು ಹಿಂದಕ್ಕೆ ತಳ್ಳಲಾಗುತ್ತದೆಯೇ ಮಕ್ಕಳೇ? ಆದರೂ ತಳ್ಳುತ್ತಿದ್ದಳು.

"ನಿನ್ನ ಮಕ್ಕಳಿಗೆ ಕಾಲಿದೆ, ನನ್ನವಕ್ಕೆ ಇನ್ನೂ ಬಂದಿಲ್ಲ ಕಣೇ! ನಿನಗೆ ಕತ್ತರಿ ಕೈ ಇದೆಯಲ್ಲ, ಈ ಜೊಂಡು ಕತ್ತರಿಸಿ ಕೊಡೇ!"

ಚಿಮಟಮ್ಮ ಓಡಿ ತನ್ನ ಮರಿಗಳನ್ನು ದಡದ ಹಾಸುಬಂಡೆಯ ನೆರಳಲ್ಲಿ ಇಳಿಸಿದಳು. ಒದ್ದಾಡಿಕೊಂಡು ದಡ ಹತ್ತುತ್ತಿದ್ದ ಆಮೆಯಜ್ಜನಿಗೆ "ಸ್ವಲ್ಪ ನೋಡ್ಕೊಳ್ಳಿ ಅಜ್ಜ" ಎಂದು ಹೇಳಿ ಮತ್ತೆ ನೀರಿಗೆ ಬಿದ್ದಳು. ಸಂದಿ ಸಂದಿಯಲ್ಲೂ ಉರಿ ಹತ್ತಿತು. ಒಂದು ಜೊಂಡು ಕತ್ತರಿಸಿ, ಮೊಟ್ಟೆಯ ಗೊಂಚಲು ಸಮೇತ ಒರತೆಯ ಕಡೆಗೆ ತಳ್ಳಿದಳು. ಇನ್ನೊಂದು ಕತ್ತರಿಸಿದಳು. ಮತ್ತೊಂದು. ಜಿಗಿಯಮ್ಮ ಅವನ್ನು ತಳ್ಳಿಕೊಂಡು ಹೋಗಿ ಒರತೆಯ ತಿಳಿನೀರಿಗೆ ಬಿಟ್ಟು ಮತ್ತೆ ಬರುತ್ತಿದ್ದಳು.

ಅರ್ಧದಷ್ಟು ಆಗಿತ್ತೇನೋ. ಜಿಗಿಯಮ್ಮ ತಿರುಗಿ ಬಂದಾಗ ಉಳಿದ ಮೊಟ್ಟೆಗಳು ಬೆಳ್ಳಗಾಗಿದ್ದವು. ಜೀವವಿರುವ ಕಪ್ಪೆಮೊಟ್ಟೆಯ ನಡುವೆ ಒಂದು ಕಪ್ಪು ಚುಕ್ಕೆ ಇರುತ್ತದೆ. ಆ ಚುಕ್ಕೆ ಅಲ್ಲಾಡುತ್ತಿರುತ್ತದೆ. ಇವು ಅಲ್ಲಾಡುತ್ತಿರಲಿಲ್ಲ. ಜಿಗಿಯಮ್ಮ ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿದಳು. "ಸಾಕು ಬಾ, ನಿನ್ನ ಮೈಯೂ ಸುಟ್ಟುಹೋಗುತ್ತೆ," ಎಂದಳು. ಅವಳು ಹೇಳಿದ್ದು ಚಿಮಟಮ್ಮನಿಗೆ.

ಆ ಮಾತು ನೀರಿಗಿಂತ ಹೆಚ್ಚು ಸುಟ್ಟಿತು. ಚಿಮಟಮ್ಮ ತಲೆಯೆತ್ತಲಾರದೆ ದಡ ಹತ್ತಿದಳು.

ಮಳೆ ಈಗ ಗುಡ್ಡದಿಂದ ಇಳಿದು ಕೊಳದ ಮೇಲೂ ಸುರಿಯುತ್ತಿತ್ತು. ಹಾಸುಬಂಡೆ ತೊಯ್ದಿತ್ತು. ಮರಿಗಳ ಕಡೆ ಹೋಗುವಾಗ ಚಿಮಟಮ್ಮನ ಕಾಲು ಯಾವುದೋ ಮೆತ್ತಗಿನ ವಸ್ತುವಿನ ಮೇಲೆ ಬಿತ್ತು. ತಾನು ಎಸೆದ ಲೋಳೆಯ ಹಪ್ಪಳ! ಹನಿ ಬಿದ್ದು ಅಂಚು ನೆನೆದಿತ್ತು. ಅವಳು ಬೆಂಕಿ ತುಳಿದವಳಂತೆ ಕಾಲೆತ್ತಿದಳು. ಆದರೆ ಅಷ್ಟರಲ್ಲಿ ತೀರ ಸಣ್ಣ ದನಿಯೊಂದು ಕೇಳಿತ್ತು. ಅವಳು ಮೆಲ್ಲಗೆ ಕಾಲ ತುದಿಯನ್ನು ಮತ್ತೆ ಊರಿದಳು.

"ಯಾರು? ಚಿಮಟಮ್ಮನಾ?"

"ಅಜ್ಜಿ... ಬದುಕಿದ್ದೀರಾ? ಅಷ್ಟು ದಿನ ಆ ಬಿಸಿಲಲ್ಲಿ, ಕಾದ ಬಂಡೆಯ ಮೇಲೆ?"

"ಬಹಳ ಜನ ಹೋದ್ರು. ಕೆಲವರು ಮಾತ್ರ ಮೈಗೆ ಗಟ್ಟಿ ಚಿಪ್ಪು ಕಟ್ಟಿಕೊಂಡು, ಕಾಳಿನ ಹಾಗೆ ಮುದುಡಿ ಮಲಗಿದ್ವಿ. ಊಟ ಬೇಡ, ನೀರು ಬೇಡ, ಉಸಿರೂ ಬೇಡ. ಹಾಗೆ ಎಷ್ಟು ಕಾಲ ಬೇಕಾದ್ರೂ ಇರ್ತೀವಿ. ಈಗ ಹನಿ ಬಿತ್ತು, ಎಚ್ಚರ ಆಯ್ತು."

ಚಿಮಟಮ್ಮ ಬಂಡೆಗೆ ಮೈ ತಾಗಿಸಿ ಬಾಗಿದಳು. "ಬೈಯಿರಿ ಅಜ್ಜಿ. ಎಷ್ಟು ಬೈದ್ರೂ ಕಮ್ಮೀನೇ. ನಾನು ಮಾಡಬಾರದ್ದು ಮಾಡಿದೆ."

"ಬೈಯೋಕೆ ಈಗ ಪುರುಸೊತ್ತಿಲ್ಲ. ನೀರು ಎಷ್ಟು ಕೆಂಪಾಗಿದೆ ಹೇಳು."

"ಅರ್ಧ ಕೊಳ ಆಗಿದೆ."

"ಹಾಗಾದ್ರೆ ಎತ್ತಿಕೊಂಡು ಹೋಗಿ ಕಂಡಿಯಲ್ಲಿ ಇಡು. ಬಂಡೆಯ ಬಿರುಕಿನೊಳಗೆ ಒತ್ತಿ ಇಡು, ನೀರಿಗೆ ಕೊಚ್ಚಿಹೋಗಬಾರದು. ನಿಧಾನವಾಗುತ್ತೆ. ಆದ್ರೂ ಬೆಳೀತೀವಿ."

ಒಂದು ಬೈಗುಳವಾದರೂ ಸಿಕ್ಕಿದ್ದರೆ ಚಿಮಟಮ್ಮನ ಎದೆ ಸ್ವಲ್ಪ ಹಗುರಾಗುತ್ತಿತ್ತು. ಅದೂ ಸಿಗಲಿಲ್ಲ. ಅವಳು ಹಪ್ಪಳದ ಚೂರುಗಳನ್ನು ಎತ್ತಿ ಎತ್ತಿ ತಲೆಯ ಮೇಲೆ ಹೊತ್ತಳು. ಹೊಲಸು ಅಂತ ತಾನೇ ಎಸೆದದ್ದನ್ನು ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ ಹೊತ್ತು ನಡೆದಳು. ಲೋಳೆ ನೆನೆದು ಅವಳ ಕಣ್ಣ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಬಿರುಕಿನಲ್ಲಿ ಇಟ್ಟಳು, ಒತ್ತಿದಳು, ಮತ್ತೆ ಬಂದಳು, ಮತ್ತೆ ಹೊತ್ತಳು.

"ಅದೇನಮ್ಮ ಅದು?" ಎಂದು ಆಮೆಯಜ್ಜ ಕೇಳಿದ.

"ಲೋಳಜ್ಜಿ," ಎಂದಳು ಚಿಮಟಮ್ಮ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬರಲಿಲ್ಲ.

ಆಮೇಲಿನ ದಿನಗಳು ಕಷ್ಟದವು. ಕೊಳದವರೆಲ್ಲ ಒರತೆಯ ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ದಿನ ನೂಕಿದರು. ಚಿಮಟಮ್ಮ ಮಾತ್ರ ದಿನವೂ ಕಂಡಿಗೆ ಹೋಗುತ್ತಿದ್ದಳು. ಮೊದಮೊದಲು ಬಂಡೆಯ ಬಿರುಕಿನಲ್ಲಿ ಏನೂ ಕಾಣಲಿಲ್ಲ. ಒಂದು ದಿನ ತುಕ್ಕಿನ ಬಣ್ಣದ ಒಂದು ಗೆರೆ ಕಂಡಿತು. ಗೆರೆ ಮಚ್ಚೆಯಾಯಿತು, ಮಚ್ಚೆ ತೇಪೆಯಾಯಿತು. ಲೋಳೆ ಜೋಲತೊಡಗಿದಾಗ ಚಿಮಟಮ್ಮ ಅಲ್ಲೇ ಕೂತು ಅತ್ತಳು. ಮಳೆಗಾಲ ಅರ್ಧ ಕಳೆಯುವಷ್ಟರಲ್ಲಿ ಎರಡು ಬಂಡೆಗಳೂ ಮತ್ತೆ ಮುಚ್ಚಿಕೊಂಡವು, ನೀರಿನ ಕೆಂಪು ತಳಕ್ಕೆ ಇಳಿಯಿತು.

ಕೊಳ ತಿಳಿಯಾದ ದಿನ ಎಲ್ಲರೂ ಹಾಸುಬಂಡೆಯ ಸುತ್ತ ಸೇರಿದರು. ಆಮೆಯಜ್ಜ ಮಾತಿಗೆ ನಿಂತ.

"ಲೋಳಜ್ಜಿ ತಾನಾಗಿ ಕಳಚಿ ಹೋದಾಗ ನಮಗೆ ಯಾರಿಗೂ ಅದರ ಬೆಲೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಚಿಮಟಮ್ಮ ಒಬ್ಬಳೇ. ಮೈ ಸುಟ್ಟುಕೊಂಡು, ತಲೆ ಮೇಲೆ ಹೊತ್ತು ತಂದು ಇಟ್ಟಳು. ಈ ಕೊಳ ಉಳಿದಿರೋದು ಅವಳಿಂದ!"

"ಹೌದು ಹೌದು!" ಎಂದರು ಎಲ್ಲರೂ. ಮೀನುಗಳು ಬಾಲ ಬಡಿದವು. ಜಿಗಿಯಮ್ಮ ಒಂದು ನೈದಿಲೆಯ ಎಸಳು ತಂದು ಚಿಮಟಮ್ಮನ ಬೆನ್ನಿಗೆ ಹೊದಿಸಿದಳು.

"ನನ್ನ ಅರ್ಧ ಮಕ್ಕಳಾದ್ರೂ ಉಳಿದಿದ್ದು ಇವಳ ಕೈಯಿಂದ," ಎಂದಳು. "ಈ ಋಣ ನಾನು ಹೇಗೆ ತೀರಿಸಲಿ!"

ಚಿಮಟಮ್ಮ ಕೂತಲ್ಲೇ ಮುದುಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಲೋಳಜ್ಜಿ ಹೇಳುವವಳಲ್ಲ. ಮೊದಲ ಸಲ ಇಡೀ ಕೊಳ ಅವಳನ್ನು ಹೊಗಳುತ್ತಿತ್ತು. ಜೀವಮಾನವೆಲ್ಲ ಅವಳು ಕಾದದ್ದು ಇದಕ್ಕೇ ಅಲ್ಲವೇ? ಆದರೆ ಎಸಳು ಬೆನ್ನ ಮೇಲೆ ಬಂಡೆಯಷ್ಟು ಭಾರವಾಯಿತು. ಹೋದ ವರ್ಷ ಅಕ್ಕನ ಮುಂದೆ ಪಟ್ಟದ್ದು ನಾಚಿಕೆಯೇ ಅಲ್ಲ, ನಾಚಿಕೆ ಅಂದರೆ ಇದು ಎಂದು ಅವಳಿಗೆ ಆಗ ತಿಳಿಯಿತು.

"ತೆಗೀರಿ ಜಿಗಿಯಕ್ಕ," ಎಂದಳು. "ಲೋಳಜ್ಜಿ ತಾನಾಗಿ ಕಳಚಲಿಲ್ಲ. ನಾನು ಕೆರೆದೆ."

ಯಾರಿಗೂ ಅರ್ಥವಾಗಲಿಲ್ಲ. ಆಮೆಯಜ್ಜ ಕತ್ತು ಮುಂದೆ ಚಾಚಿದ.

"ಎಲ್ಲರೂ ಮಲಗಿದ್ದಾಗ ಕೆರೆದೆ. ಅಕ್ಕ ನಗ್ತಾಳೆ ಅಂತ ಕೆರೆದೆ. ತೆಗೆದು ಈ ಬಂಡೆ ಮೇಲೆ ಎಸೆದೆ. ಸಂಜೆ ನೀವು ಕೇಳಿದಾಗ ಸುಳ್ಳು ಹೇಳಿದೆ."

ಜಿಗಿಯಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಅಜ್ಜಿ ಹೇಳಿದ್ರು. ಕೇಳಿಸಿಕೊಂಡೆ, ನಂಬಲಿಲ್ಲ. ಅವರ ರೂಪ ನೋಡಿದೆ, ಮಾತು ತೂಗಲಿಲ್ಲ."

ಜಿಗಿಯಮ್ಮ ಕೂಗಾಡಲಿಲ್ಲ. ಕೈ ಚಾಚಿ ಚಿಮಟಮ್ಮನ ಬೆನ್ನ ಮೇಲಿನ ಎಸಳನ್ನು ಮೆಲ್ಲಗೆ ತೆಗೆದುಕೊಂಡಳು. "ನಿನ್ನ ಮಕ್ಕಳನ್ನ ಸ್ವಲ್ಪ ದಿನ ನನ್ನ ಕಣ್ಣಿಗೆ ಬೀಳದ ಹಾಗೆ ಇಟ್ಕೋ. ನೋಡೋಕೆ ನನ್ನಿಂದ ಆಗಲ್ಲ," ಎಂದು ಹೇಳಿ ನೀರಿಗಿಳಿದಳು. ಉಳಿದವರೂ ಒಬ್ಬೊಬ್ಬರಾಗಿ ಕರಗಿದರು. ಆಮೆಯಜ್ಜ ಚಿಪ್ಪಿನೊಳಗೆ ತಲೆ ಎಳೆದುಕೊಂಡ.

ಚಿಮಟಮ್ಮ ಅವತ್ತಿನಿಂದ ಯಾರ ಮನೆಗೂ ಹೋಗಲಿಲ್ಲ. ಅವಳ ಮನೆಗೂ ಯಾರೂ ಬರಲಿಲ್ಲ. ಬಿಲದ ಮುಂದೆ ಎಲೆ ಬಿದ್ದರೆ ಬಿದ್ದಲ್ಲೇ ಇರುತ್ತಿತ್ತು. ಹಗಲೆಲ್ಲ ಕಂಡಿಯ ಹತ್ತಿರ ಕೂತು, ಲೋಳೆಗೆ ಕಡ್ಡಿ ತಗುಲಿದರೆ ಬಿಡಿಸುತ್ತಿದ್ದಳು, ಕಲ್ಲು ಉರುಳಿ ಬಂದರೆ ಬೆನ್ನು ಕೊಡುತ್ತಿದ್ದಳು. ಜಿಗಿಯಮ್ಮ ಆ ದಾರಿಯಲ್ಲಿ ಹೋದರೆ ಬಿಲದೊಳಗೆ ಸರಿದುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಜಿಗಿಯಮ್ಮ ಬಿಲದ ಬಾಗಿಲಿಗೇ ಬಂದು ನಿಂತಳು. ಅವಳ ಹಿಂದೆ ಉಳಿದ ಮೊಟ್ಟೆಗಳಿಂದ ಹೊರಬಂದ ಗೊದಮೊಟ್ಟೆಗಳು ಬಾಲ ಅಲ್ಲಾಡಿಸುತ್ತ ನಿಂತಿದ್ದವು.

"ಹೊರಗೆ ಬಾ ಚಿಮಟಮ್ಮ."

ಚಿಮಟಮ್ಮ ಬಂದಳು. ಕಣ್ಣು ಮೇಲೆತ್ತಲಿಲ್ಲ.

"ಇವಕ್ಕೆ ಹಲ್ಲು ಬಂದಿದೆ. ಕಂಡ ಕಂಡ ಕಲ್ಲಿನ ಮೇಲಿನ ಲೋಳೆ ಕೆರೆದು ತಿನ್ನೋದೇ ಇವುಗಳ ಕೆಲಸ. ಈ ಕಂಡಿಯಲ್ಲಿ ಬಾಯಿ ಹಾಕಬೇಡಿ ಅಂದ್ರೆ ನನ್ನ ಮಾತು ಕೇಳಲ್ಲ. ಯಾಕೆ ಬೇಡ ಅಂತ ನೀನೇ ಹೇಳು. ನಿನ್ನಷ್ಟು ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ?"

ಅಷ್ಟು ಹೇಳಿ ಅವಳು ದೂರ ಹೋಗಿ, ಬೆನ್ನು ಮಾಡಿ ಕೂತಳು. ಕಿವಿ ಮಾತ್ರ ಇತ್ತಲೇ ಇತ್ತು.

ಗೊದಮೊಟ್ಟೆಗಳು ಚಿಮಟಮ್ಮನನ್ನು ಮುತ್ತಿಕೊಂಡವು. ಅವಳ ಮರಿಗಳೂ ಬಂದು ಸೇರಿಕೊಂಡವು. ಅವಳು ಮೊದಲಿಂದ ಶುರುಮಾಡಿದಳು. ಅಕ್ಕನ ನಗು, ಮಧ್ಯಾಹ್ನದ ಬಿಸಿಲು, ಕಾಲಿನ ಕೆಳಗಿನ ದನಿ, ಸಂಜೆಯ ಸುಳ್ಳು, ಬೆಳ್ಳಗಾದ ಮೊಟ್ಟೆಗಳು. ಯಾವುದನ್ನೂ ಬಿಡಲಿಲ್ಲ. ಆದರೆ 'ನಾನು' ಎನ್ನಲು ಬಾಯಿ ಬಾರದೆ, 'ಒಂದು ಏಡಿ ಹೀಗೆ ಮಾಡಿತು' ಎಂದೇ ಹೇಳಿದಳು.

ಕೇಳಿ ಮುಗಿದಾಗ ಒಂದು ಪುಟ್ಟ ಗೊದಮೊಟ್ಟೆಗೆ ಸಿಟ್ಟು ಬಂದಿತ್ತು. "ಎಂಥ ಕೆಟ್ಟ ಏಡಿ ಅದು! ನಮ್ಮ ಅಣ್ಣಂದಿರು, ಅಕ್ಕಂದಿರನ್ನೆಲ್ಲ ಕೊಂದುಬಿಡ್ತು. ಅದು ಯಾರು ಚಿಕ್ಕಮ್ಮ? ಈಗ ಎಲ್ಲಿದೆ?"

ದೂರದಲ್ಲಿ ಕೂತಿದ್ದ ಜಿಗಿಯಮ್ಮ ಮೆಲ್ಲಗೆ ಇತ್ತ ತಿರುಗಿದಳು. ಚಿಮಟಮ್ಮ ತನ್ನ ಮಕ್ಕಳ ಮುಖ ನೋಡಿದಳು. ಆಮೇಲೆ ಆ ಪುಟ್ಟ ಗೊದಮೊಟ್ಟೆಯ ಮುಖ ನೋಡಿದಳು.

"ಅದು ನಾನೇ ಕಂದ," ಎಂದಳು.

ನೀತಿ: ನೋಡುವವರ ಕಣ್ಣಿಗೆ ಹೆದರಿ ನೆರೆಯವರ ಬಾಳನ್ನು ಕೆರೆದು ಎಸೆಯಬಾರದು; ಎಸೆದಿದ್ದರೆ ಹೊಗಳಿಕೆಯ ಹಿಂದೆ ಅಡಗದೆ ತನ್ನ ಹೆಸರು ಹೇಳಿಯೇ ತಪ್ಪು ಒಪ್ಪಿಕೊಳ್ಳಬೇಕು.